3 ಅಡಿ ರೀಫ್ ಟ್ಯಾಂಕಿಗೆ ಎಲ್‌ಇಡಿ ಲೈಟ್: ಎಷ್ಟು ವಾಟ್, ಎಷ್ಟು ಎತ್ತರ, ಎಷ್ಟು ಗಂಟೆ?

ಕುಲಶೇಖರ_ಹಂಚಿನಮನೆ

ಎಲ್ಲರಿಗೂ ನಮಸ್ಕಾರ. ಹವಳ ಸಾಕುವ ರೀಫ್ ಟ್ಯಾಂಕ್ ಮಾಡುತ್ತಾ ಇದ್ದೇನೆ. ಟ್ಯಾಂಕ್ 36 × 18 × 18 ಇಂಚು, ಸುಮಾರು 190 ಲೀಟರ್, ಕೆಳಗೆ ಸಂಪ್ (ನೀರು ಸೋಸುವ ಇನ್ನೊಂದು ಟ್ಯಾಂಕ್) ಉಂಟು. ಉಪ್ಪುನೀರು ತುಂಬಿ ಸೈಕ್ಲಿಂಗ್ (ಅಮೋನಿಯ ಕರಗಿಸುವ ಬ್ಯಾಕ್ಟೀರಿಯಾ ಬೆಳೆಯುವ ಹಂತ) ನಡೆಯುತ್ತಾ ಉಂಟು, ಅಮೋನಿಯ ಇನ್ನೂ ಸೊನ್ನೆಗೆ ಇಳಿದಿಲ್ಲ. ಹವಳ ಯಾವುದೂ ಹಾಕಿಲ್ಲ. ಮುಂದೆ ಇಡಬೇಕೆಂದಿರುವುದು ಮೆದು ಬಗೆಯ ಹವಳಗಳು: ಝೋವಾ, ಮಶ್ರೂಮ್, ಟೋಡ್‌ಸ್ಟೂಲ್ ಲೆದರ್, ಕೀನ್ಯಾ ಟ್ರೀ. ಇಷ್ಟೇ, ಕಲ್ಲುಹವಳ ಬೇಡ.

ಅಂಗಡಿಯವರು 165 ವಾಟಿನ ಕಪ್ಪು ಪೆಟ್ಟಿಗೆ ಲೈಟ್ ಎರಡು ಬೇಕು ಎನ್ನುತ್ತಾರೆ. ಇನ್ನೊಂದು ಅಂಗಡಿಯಲ್ಲಿ ಒಂದೇ ಧಾರಾಳವಂತೆ. ಲೀಟರಿಗೆ ಇಷ್ಟು ವಾಟ್ ಎಂಬ ಲೆಕ್ಕ ಹಿಡಿದರೆ ಮೂರನೇ ಉತ್ತರ ಬರುತ್ತದೆ. ನಿಜಕ್ಕೂ ಎಷ್ಟು ಬೇಕು? ನೀರಿನಿಂದ ಎಷ್ಟು ಎತ್ತರಕ್ಕೆ ತೂಗಿಸಬೇಕು, ನೀಲಿ ಎಷ್ಟು ಬಿಳಿ ಎಷ್ಟು, ದಿನಕ್ಕೆ ಎಷ್ಟು ಗಂಟೆ? ಹೀಟ್‌ಸಿಂಕ್ (ಎಲ್‌ಇಡಿಯ ಶಾಖ ಎಳೆಯುವ ಲೋಹದ ಪಟ್ಟಿ) ತಂದು ಲೈಟನ್ನು ನಾವೇ ಕಟ್ಟಿದರೆ ಉಳಿತಾಯ ಆಗ್ತದಾ? ಹಂಚಿನ ಮನೆ, ಮಾಡಿನ ಪಕ್ಕಾಸಿನಿಂದ (ಓರೆ ಮರದಿಂದ) ತೂಗಿಸುವ ಅಂದಾಜು. ಗೊತ್ತಿದ್ದವರು ಅಂಕಿ ಸಮೇತ ಹೇಳಿದರೆ ಉಪಕಾರ.

---

ಮಲ್ಪೆ_ನೀಲಿಬೆಳಕು

ವಾಟಿನ ಲೆಕ್ಕ ಬಿಟ್ಟುಬಿಡಿ. ವಾಟ್ ಎಂದರೆ ಲೈಟು ಎಳೆಯುವ ಕರೆಂಟಿನ ಲೆಕ್ಕ, ಹವಳಕ್ಕೆ ಸಿಗುವ ಬೆಳಕಿನದ್ದಲ್ಲ. ಈ ಪೆಟ್ಟಿಗೆಗಳ ಒಳಗೆ 3 ವಾಟಿನ ಎಲ್‌ಇಡಿ 55 ಇರುತ್ತವೆ, 55 × 3 = 165 ಎಂದು ಮೇಲೆ ಬರೆದಿರುತ್ತಾರೆ. ಎಲ್‌ಇಡಿಗಳನ್ನು ಅಷ್ಟು ಕರೆಂಟಿನಲ್ಲಿ ಓಡಿಸುವುದಿಲ್ಲವಾದ್ದರಿಂದ ಪ್ಲಗ್ ಮೀಟರ್ ಹಾಕಿ ನೋಡಿದರೆ ಅದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ.

ನೋಡಬೇಕಾದ್ದು ಪಾರ್. 400ರಿಂದ 700 ನ್ಯಾನೊಮೀಟರ್ ಒಳಗಿನ, ಅಂದರೆ ದ್ಯುತಿಸಂಶ್ಲೇಷಣೆಗೆ ಬಳಕೆಯಾಗುವ ಬೆಳಕು ಒಂದು ಜಾಗಕ್ಕೆ ಸೆಕೆಂಡಿಗೆ ಎಷ್ಟು ಬೀಳುತ್ತದೆ ಎಂಬ ಅಳತೆ ಅದು. ನಡುಮಧ್ಯಾಹ್ನದ ಬಿಸಿಲಿಗೆ ಸುಮಾರು 2000. ನಿಮ್ಮ ಪಟ್ಟಿಗೆ ಅದರ ಹತ್ತಿರ ಹೋಗುವುದೂ ಬೇಡ. ಮಶ್ರೂಮಿಗೆ 30ರಿಂದ 80 ಸಾಕು, ಝೋವಾ ಮತ್ತು ಲೆದರಿಗೆ 80ರಿಂದ 150. ಮರಳಿನ ಮಟ್ಟದಲ್ಲಿ 50 ಆಸುಪಾಸು, ಕಲ್ಲಿನ ನೆತ್ತಿಯಲ್ಲಿ 150 ಮೀರದ ಹಾಗೆ ಇಟ್ಟುಕೊಂಡರೆ ನಿಮಗೆ ಬೇಕಾದ ನಾಲ್ಕೂ ಜಾತಿಗೆ ಜಾಗ ಸಿಗುತ್ತದೆ. 200 ದಾಟಬೇಕಾದ್ದು ಆಕ್ರೊಪೊರಾದಂಥ ಕಲ್ಲುಹವಳಕ್ಕೆ.

ಒಂದು ಲೈಟಾ ಎರಡಾ ಎಂದರೆ, ಎರಡು. ಶಕ್ತಿ ಸಾಲದೆಂದಲ್ಲ, ಹರಡುವಿಕೆ ಸಾಲದು. 90 ಡಿಗ್ರಿ ಲೆನ್ಸ್ ಇದ್ದರೆ ಲೈಟು ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ಅಗಲದ ವೃತ್ತಕ್ಕೆ ಬೆಳಕು ಬೀಳುತ್ತದೆ. ನೀರಿನಿಂದ 10 ಇಂಚು ಮೇಲೆ ತೂಗಿಸಿದರೆ 20 ಇಂಚಿನ ವೃತ್ತ. ನಿಮ್ಮ 36 ಇಂಚಿನ ಉದ್ದಕ್ಕೆ ಎಡಗಡೆಯಿಂದ 9 ಇಂಚಿಗೆ ಒಂದು, 27 ಇಂಚಿಗೆ ಇನ್ನೊಂದು ಇಟ್ಟರೆ ಎರಡು ವೃತ್ತ ನಡುವೆ ಒಂದರ ಮೇಲೊಂದು ಸ್ವಲ್ಪ ಬರುತ್ತವೆ, 18 ಇಂಚಿನ ಅಗಲವೂ ತುಂಬುತ್ತದೆ. ಒಂದೇ ಲೈಟ್ ನಡುವೆ ಇಟ್ಟರೆ ಕೆಳಗಿನ ಹವಳ ಸುಡುತ್ತದೆ, ಎರಡು ತುದಿಗಳಲ್ಲಿ ಝೋವಾ ಕತ್ತು ಉದ್ದ ಮಾಡಿ ಬೆಳಕು ಹುಡುಕುತ್ತದೆ. ತುದಿಗೆ ಮುಟ್ಟಿಸಲೆಂದು ಅದನ್ನೇ 20 ಇಂಚಿಗೆ ಏರಿಸಿದರೆ ಅರ್ಧ ಬೆಳಕು ಕೋಣೆಗೆ ಹೋಗುತ್ತದೆ. ಲೆನ್ಸ್ 120 ಡಿಗ್ರಿಯದ್ದಾದರೆ 10 ಇಂಚಿನಲ್ಲೇ ವೃತ್ತ 35 ಇಂಚಾಗುತ್ತದೆ. ಆಗ ಎತ್ತರವನ್ನು 6 ಇಂಚಿಗೆ ಇಳಿಸಬೇಕು, ಇಳಿಸಿದರೆ ಉಪ್ಪುನೀರು ಹಾರುವ ಕಾಟ. ಕೊಳ್ಳುವ ಮೊದಲು ಲೆನ್ಸ್ ಎಷ್ಟು ಡಿಗ್ರಿ ಎಂದು ಕೇಳಿಯೇ ಕೊಳ್ಳಿ.

ಎರಡು ಲೈಟನ್ನು ತಗ್ಗಿಸಿ ಓಡಿಸುವುದು ಒಂದನ್ನು ಪೂರ್ತಿ ಓಡಿಸುವುದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು. ಎಲ್‌ಇಡಿ ತಣ್ಣಗಿರುತ್ತದೆ, ಫ್ಯಾನ್ ಬೇಗ ಸಾಯುವುದಿಲ್ಲ, ನೆರಳೂ ಕಡಿಮೆ ಬೀಳುತ್ತದೆ.

ಶುರುವಿಗೆ ನೀಲಿ 25%, ಬಿಳಿ 5%. ಸೈಕ್ಲಿಂಗ್ ಮುಗಿಯುವ ತನಕ ಲೈಟೇ ಬೇಡ, ಹಾಕಿದರೆ ಪಾಚಿಗೆ ಮಾತ್ರ ಲಾಭ. ಹವಳ ಬಂದ ಮೇಲೆ ವಾರಕ್ಕೆ 5% ಲೆಕ್ಕದಲ್ಲಿ ನೀಲಿಯನ್ನು 40ರಿಂದ 45ಕ್ಕೆ ಏರಿಸಿ, ಬಿಳಿ 10 ಸಾಕು. ಒಂದೇ ಸಲ ಏರಿಸಬಾರದು. ಹವಳದ ಒಳಗಿರುವ ಝೂಸ್ಯಾಂಥೆಲ್ಲೆ ಎಂಬ ಪಾಚಿ ತನಗೆ ಒಗ್ಗಿದ್ದಕ್ಕಿಂತ ಹೆಚ್ಚು ಬೆಳಕು ಬಿದ್ದಾಗ ಹಾನಿಕರ ಆಮ್ಲಜನಕದ ರೂಪಗಳನ್ನು ಉತ್ಪತ್ತಿ ಮಾಡುತ್ತದೆ, ಹವಳ ಅದನ್ನು ತಡೆಯಲಾರದೆ ಪಾಚಿಯನ್ನೇ ಹೊರಹಾಕುತ್ತದೆ. ಬಿಳಚುವುದೆಂದರೆ ಇದೇ. ಬೆಳಕು ಕಡಿಮೆ ಇದ್ದರೆ ಹವಳ ನಿಧಾನಕ್ಕೆ ಸೊರಗುತ್ತದೆ, ಸರಿಪಡಿಸಲಿಕ್ಕೆ ವಾರಗಟ್ಟಲೆ ಸಮಯ ಉಂಟು. ಹೆಚ್ಚಾದರೆ ಎರಡು ಮೂರು ದಿನದಲ್ಲಿ ಕೆಲಸ ಕೆಟ್ಟಿರುತ್ತದೆ. ಹಾಗಾಗಿ ತಪ್ಪುವುದಾದರೆ ಕಡಿಮೆಯ ಕಡೆಗೆ ತಪ್ಪಿ.

ಹೊತ್ತು: ಮಧ್ಯಾಹ್ನ 1ರಿಂದ ರಾತ್ರಿ 10. ನೀಲಿ 1ಕ್ಕೆ ಶುರು, ಬಿಳಿ 3ರಿಂದ 8ರ ತನಕ ಮಾತ್ರ. ಪ್ರೋಗ್ರಾಂ ಮಾಡುವ ಲೈಟಾದರೆ ಒಂದೂವರೆ ಗಂಟೆ ಏರಿಕೆ, ಐದೂವರೆ ಗಂಟೆ ಪೂರ್ತಿ, ಎರಡು ಗಂಟೆ ಇಳಿಕೆ.

---

ಸುರತ್ಕಲ್_ರೀಫ್

ಮೇಲೆ ಹೇಳಿದ್ದೆಲ್ಲ ಸರಿ, ಬಿಳಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಬಿಳಿ ಎಲ್‌ಇಡಿ ಎಂದರೆ 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಚಿಪ್ಪಿನ ಮೇಲೆ ಫಾಸ್ಫರ್ (ನೀಲಿಯನ್ನು ಬೇರೆ ಬಣ್ಣಕ್ಕೆ ತಿರುಗಿಸುವ ಪುಡಿ) ಬಳಿದದ್ದು. ಅದರಲ್ಲೂ ನೀಲಿ ಉಂಟು, ಜೊತೆಗೆ ಹವಳದ ಪಾಚಿಯ ಪೆರಿಡಿನಿನ್ ಎಂಬ ಬಣ್ಣದ ಅಂಶ ಹೀರುವ ನೀಲಿಹಸಿರು ಭಾಗವೂ ಉಂಟು. 10%ಕ್ಕೆ ಕಟ್ಟಿಹಾಕಬೇಕಾಗಿಲ್ಲ, 15 ರಿಂದ 20 ಆದರೂ ಲೆದರಿಗೆ ಒಳ್ಳೆಯದೇ. ಮೀನಿನ ಮೈಮೇಲೆ ಬಿಳಿ ಚುಕ್ಕೆ ಬಂದಿದೆಯಾ ಎಂದು ನೋಡಲಿಕ್ಕೂ ಬಿಳಿ ಬೇಕು. ಬರೀ ನೀಲಿಯಲ್ಲಿ ರೋಗ ಕಾಣುವುದೇ ಇಲ್ಲ.

ಬಿಳಿ ಹೆಚ್ಚಾದರೆ ಪಾಚಿ ಬರುತ್ತದೆ ಎಂದು ಹೆದರಿಸುವವರಿದ್ದಾರೆ. ಕೂದಲಿನಂಥ ಹಸಿರು ಪಾಚಿಗೆ ಮೂಲ ನೈಟ್ರೇಟ್, ಫಾಸ್ಫೇಟ್. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1ರ ಒಳಗೆ ಇದ್ದರೆ ಬಿಳಿ 20% ಏನೂ ಮಾಡುವುದಿಲ್ಲ. ಇವೆರಡನ್ನೂ ಸೊನ್ನೆಗೆ ಇಳಿಸಲಿಕ್ಕೆ ಹೋಗಬೇಡಿ. ಪೋಷಕಾಂಶವಿಲ್ಲದ ನೀರಿನಲ್ಲಿ ಅದೇ ಬೆಳಕಿಗೆ ಹವಳ ಮಾಸಲಾಗುತ್ತದೆ, ಜನ ಲೈಟಿನ ಮೇಲೆ ತಪ್ಪು ಹೊರಿಸುತ್ತಾರೆ.

ಹೊಸ ಟ್ಯಾಂಕಿನಲ್ಲಿ ಮರಳಿನ ಮೇಲೆ ಕಂದು ಧೂಳಿನ ಹಾಗೆ ಬರುವುದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ನೀರಿನಲ್ಲಿರುವ ಸಿಲಿಕೇಟ್ ಮುಗಿದ ಮೇಲೆ ತಾನೇ ಹೋಗುತ್ತದೆ, ಅದಕ್ಕೆಂದು ಲೈಟಿನ ಸೆಟ್ಟಿಂಗ್ ಬದಲಿಸಬೇಡಿ. ನಮ್ಮ ಕಡೆಯ ಬಾವಿನೀರಿಗೆ ಟಿಡಿಎಸ್ (ಕರಗಿದ ಲವಣದ ಒಟ್ಟು ಅಳತೆ) ಕಡಿಮೆ ಎಂದು ಆರ್‌ಒ ಬಿಟ್ಟು ನೇರ ಹಾಕುವವರಿದ್ದಾರೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರಿನಲ್ಲಿ ಕಬ್ಬಿಣ ಇರಬಹುದು, ತೋಟದ ಗೊಬ್ಬರ ಇಳಿದಿದ್ದರೆ ನೈಟ್ರೇಟೂ ಇರುತ್ತದೆ. ಟಿಡಿಎಸ್ ಮೀಟರ್ ಯಾವುದು ಎಷ್ಟೆಂದು ಹೇಳುವುದಿಲ್ಲ. ಆರ್‌ಒ, ಅದರ ಮುಂದೆ ಉಳಿದ ಲವಣ ಹಿಡಿಯುವ ಡಿಐ ಫಿಲ್ಟರ್, ಮೀಟರಿನಲ್ಲಿ 0. ಅದರಲ್ಲಿ ರಾಜಿ ಬೇಡ.

---

ಮಣಿಪಾಲ_ವಯರಿಂಗ್

ನೀವೇ ಕಟ್ಟುವ ವಿಷಯಕ್ಕೆ ಬರುತ್ತೇನೆ. ಉಳಿತಾಯ ಅಷ್ಟೇನೂ ಆಗುವುದಿಲ್ಲ ಮಾರಾಯ್ರೆ. ಲಾಭ ಎಂದರೆ ಒಂದು ಡ್ರೈವರ್ (ಎಲ್‌ಇಡಿಗೆ ಅಳತೆಯ ಕರೆಂಟ್ ಕೊಡುವ ಭಾಗ) ಹೋದರೆ ಅದನ್ನು ಮಾತ್ರ ಬದಲಿಸಬಹುದು, ಪೆಟ್ಟಿಗೆಯನ್ನೇ ಎಸೆಯಬೇಕಾಗಿಲ್ಲ. ಮಲ್ಟಿಮೀಟರ್, ಸೋಲ್ಡರಿಂಗ್ ಕೈಗೆ ಪಳಗಿದ್ದರೆ ಮಾತ್ರ ಇಳಿಯಿರಿ.

ನಿಮ್ಮ ಟ್ಯಾಂಕಿಗೆ 3 ವಾಟಿನ ಎಲ್‌ಇಡಿ 36 ಸಾಕು. ಒಂದಕ್ಕೊಂದು ಸೀರೀಸಿನಲ್ಲಿ ವಯರ್ ಹಾಕಿದ 12ರ ಮೂರು ಸಾಲು: ಮೊದಲನೆಯದು ಪೂರ್ತಿ ರಾಯಲ್ ಬ್ಲೂ, 450 ನ್ಯಾನೊಮೀಟರ್. ಎರಡನೆಯದು 6 ರಾಯಲ್ ಬ್ಲೂ, 6 ಬ್ಲೂ 470. ಮೂರನೆಯದು 8 ಬಿಳಿ, 6500 ಕೆಲ್ವಿನ್, ಜೊತೆಗೆ 4 ವಯಲೆಟ್ 420. ಕೆಂಪು ಹಾಕಬೇಡಿ, ಹವಳಕ್ಕೆ ಅದರಿಂದ ಹೇಳಿಕೊಳ್ಳುವ ಉಪಯೋಗ ಇಲ್ಲ. ಹೀಟ್‌ಸಿಂಕ್ 30 ಇಂಚು ಉದ್ದ, 6 ಇಂಚು ಅಗಲ, ರೆಕ್ಕೆಗಳಿರುವ ಅಲ್ಯೂಮಿನಿಯಂ. ಅದರ ಮೇಲೆ ಉದ್ದಕ್ಕೆ ಎರಡು ಗೆರೆಯಲ್ಲಿ 12 ಗುಂಪು, ಗುಂಪಿಗೆ ಮೂರು ಎಲ್‌ಇಡಿ, ಮೂರು ಸಾಲಿನಿಂದಲೂ ಒಂದೊಂದು. ಬಣ್ಣಗಳನ್ನು ಹೀಗೆ ಬೆರೆಸದೆ ನೀಲಿ ಒಂದು ಕಡೆ ಬಿಳಿ ಒಂದು ಕಡೆ ಇಟ್ಟರೆ ಮರಳಿನ ಮೇಲೆ ಬಣ್ಣಬಣ್ಣದ ನೆರಳು ಕುಣಿಯುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಒಂದು ಎಲ್‌ಇಡಿಗೆ 700 ಮಿಲಿಆಂಪಿನಲ್ಲಿ ಸುಮಾರು 3.2 ವೋಲ್ಟ್ ಬೇಕು. 12 ಸೀರೀಸಿನಲ್ಲಿ 38 ವೋಲ್ಟ್ ಚಿಲ್ಲರೆ. ಮೀನ್ ವೆಲ್ ಕಂಪೆನಿಯ ಎಲ್‌ಡಿಡಿ 700ಎಚ್ ಡ್ರೈವರ್ ಸಾಲಿಗೆ ಒಂದರಂತೆ ಮೂರು, ಅದಕ್ಕೆ 48 ವೋಲ್ಟಿನ ಒಂದು ಪವರ್ ಸಪ್ಲೈ. ಮೂರು ಸಾಲೂ ಸೇರಿ 80 ವಾಟ್ ಆಸುಪಾಸು, 150 ವಾಟಿನ ಸಪ್ಲೈ ಹಾಕಿದರೆ ಅರ್ಧ ಭಾರದಲ್ಲಿ ತಣ್ಣಗೆ ಓಡುತ್ತದೆ. ಕೆಲವು ಮಾದರಿಗಳ ಪಕ್ಕದಲ್ಲಿ 115 / 230ರ ಸಣ್ಣ ಸ್ವಿಚ್ ಇರುತ್ತದೆ. ಕರೆಂಟ್ ಕೊಡುವ ಮೊದಲು ಅದು 230ರಲ್ಲಿ ಉಂಟಾ ನೋಡಿ. 115ರಲ್ಲಿದ್ದರೆ ಸಪ್ಲೈ ಅಲ್ಲೇ ಹೋಯಿತು.

ಹೆಚ್ಚಿನವರು ಕೆಡಿಸುವುದು ಇಲ್ಲಿ:

ಎಲ್‌ಇಡಿ ಸಾಲುಗಳನ್ನು ಒಂದೇ ಡ್ರೈವರಿಗೆ ಪ್ಯಾರಲಲ್ ಹಾಕಬೇಡಿ. ಬಿಸಿಯಾದ ಎಲ್‌ಇಡಿಗೆ ಕಡಿಮೆ ವೋಲ್ಟ್ ಸಾಕಾಗುತ್ತದೆ, ಹಾಗಾಗಿ ಅದೇ ಸಾಲು ಹೆಚ್ಚು ಕರೆಂಟ್ ಎಳೆದು ಇನ್ನೂ ಬಿಸಿಯಾಗುತ್ತದೆ. ಅದು ಸುಟ್ಟ ಮೇಲೆ ಪೂರ್ತಿ ಕರೆಂಟ್ ಪಕ್ಕದ ಸಾಲಿಗೆ ನುಗ್ಗುತ್ತದೆ.

ಎಲ್‌ಡಿಡಿಯ ಔಟ್‌ಪುಟ್ ಮೈನಸ್ಸನ್ನು ಇನ್‌ಪುಟ್ ಮೈನಸ್ಸಿಗೆ ಸೇರಿಸಬಾರದು. ಎರಡೂ ಮೈನಸ್ ತಾನೇ ಎಂದು ಒಂದೇ ವಯರಿನಲ್ಲಿ ಕಟ್ಟಿದರೆ ಡ್ರೈವರ್ ಸಾಯುತ್ತದೆ.

ಡ್ರೈವರ್ ಆನ್ ಇರುವಾಗ ಎಲ್‌ಇಡಿ ಕನೆಕ್ಟರ್ ಸಿಕ್ಕಿಸಬಾರದು. ಖಾಲಿ ಔಟ್‌ಪುಟ್ 48 ವೋಲ್ಟಿನ ಹತ್ತಿರ ಏರಿ ಕೂತಿರುತ್ತದೆ, ಸಿಕ್ಕಿಸಿದ ಕ್ಷಣ ಅದೆಲ್ಲ ಎಲ್‌ಇಡಿಗೆ ಬೀಳುತ್ತದೆ.

ಎಲ್‌ಇಡಿ ಕೂತ ನಕ್ಷತ್ರಾಕಾರದ ಅಲ್ಯೂಮಿನಿಯಂ ಬಿಲ್ಲೆ ಶಾಖ ಹೀರುವುದರಿಂದ 25 ವಾಟಿನ ಐರನ್ ಅದಕ್ಕೆ ಸಾಲದು, ಬೆಸುಗೆ ಮೇಲಷ್ಟೇ ಅಂಟಿ ಆಮೇಲೆ ಬಿಡುತ್ತದೆ. 60 ವಾಟ್ ಹಿಡಿಯಿರಿ, ಬಿಲ್ಲೆಗಳನ್ನು ಹೀಟ್‌ಸಿಂಕಿಗೆ ಕೂರಿಸುವ ಮೊದಲೇ ತವರ ಹಚ್ಚಿಕೊಳ್ಳಿ. ಥರ್ಮಲ್ ಪೇಸ್ಟ್ ಸಾಸಿವೆ ಕಾಳಿನಷ್ಟು, ಎಂ3 ಸ್ಕ್ರೂ, ನೈಲಾನ್ ವಾಷರ್. ಕೂರಿಸಿದ ಮೇಲೆ ಪ್ರತಿ ಬೆಸುಗೆಯಿಂದ ಹೀಟ್‌ಸಿಂಕಿಗೆ ಕಂಟಿನ್ಯೂಟಿ ನೋಡಿ. ಬೀಪ್ ಬಂದರೆ ಅಲ್ಲಿ ಶಾರ್ಟ್, ಬಿಚ್ಚಿ ಸರಿಮಾಡದೆ ಮುಂದೆ ಹೋಗಬೇಡಿ.

ಹೀಟ್‌ಸಿಂಕಿಗೆ 120 ಮಿಲಿಮೀಟರ್ ಫ್ಯಾನ್ ಎರಡು. ಫ್ಯಾನ್ ನಿಂತರೆ ಲೈಟು ಆಫ್ ಆಗಬೇಕು. ಅದಕ್ಕೆ 60 ಡಿಗ್ರಿಯಲ್ಲಿ ತೆರೆದುಕೊಂಡು ಕರೆಂಟ್ ಕಡಿಯುವ ಕೆಎಸ್‌ಡಿ 301 ಥರ್ಮಲ್ ಸ್ವಿಚ್ಚನ್ನು ಹೀಟ್‌ಸಿಂಕಿಗೆ ಬಿಗಿದು ಪವರ್ ಸಪ್ಲೈಯ ಎಸಿ ಲೈನಿನಲ್ಲಿ ಸೇರಿಸಿ. ಕೊಳ್ಳುವಾಗ ಮಾಮೂಲಿಯಲ್ಲಿ ಮುಚ್ಚಿರುವ ಬಗೆಯನ್ನೇ ಕೇಳಿ, ತೆರೆದಿರುವ ಬಗೆಯೂ ಅದೇ ಹೆಸರಿನಲ್ಲಿ ಬರುತ್ತದೆ. ಹೀಟ್‌ಸಿಂಕಿಗೆ ಅರ್ಥಿಂಗ್ ಕಡ್ಡಾಯ.

ಇನ್ನು ಕಟ್ಟಿದ್ದಾಗಲಿ ಕೊಂಡದ್ದಾಗಲಿ, ನಮ್ಮ ಕರಾವಳಿಯಲ್ಲಿ ಎಲ್‌ಇಡಿ ಹಳತಾಗಿ ಲೈಟು ಹೋಗುವುದು ಅಪರೂಪ. ಉಪ್ಪು ತಿಂದು ಹೋಗುತ್ತದೆ. ಪಂಪಿನ ಗುಳ್ಳೆ ಒಡೆದು ಹಾರುವ ಸಣ್ಣ ಹನಿ ಒಣಗಿದರೆ ಉಪ್ಪು, ಮಳೆಗಾಲದ ತೇವಕ್ಕೆ ಅದು ಮತ್ತೆ ನೀರಾಗಿ ಬೋರ್ಡಿನ ಎರಡು ಟ್ರ್ಯಾಕಿನ ನಡುವೆ ಕರೆಂಟ್ ಹರಿಸುತ್ತದೆ. ಜೂನ್, ಜುಲೈಯಲ್ಲಿ ಕಾರಣವಿಲ್ಲದೆ ಮಿಣಮಿಣ ಮಾಡುವ ಲೈಟುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ. ಡ್ರೈವರ್ ಮತ್ತು ಸಪ್ಲೈಯನ್ನು ಟ್ಯಾಂಕಿನ ಮೇಲೆ ಇಡಬೇಡಿ, ಸಂಪ್ ಇರುವ ಕ್ಯಾಬಿನೆಟ್ ಒಳಗಂತೂ ಬೇಡವೇ ಬೇಡ. ಎರಡು ಮೀಟರ್ ವಯರ್ ಎಳೆದು ಗೋಡೆಯ ಮೇಲೆ ಪ್ಲಾಸ್ಟಿಕ್ ಬಾಕ್ಸಿನಲ್ಲಿ ಕೂರಿಸಿ. ಬೋರ್ಡಿಗೆ ತೇವ ತಡೆಯುವ ಕನ್‌ಫಾರ್ಮಲ್ ಕೋಟಿಂಗ್ ಸ್ಪ್ರೇ ಎರಡು ಪದರ ಹೊಡೆಯಿರಿ, ಕನೆಕ್ಟರಿನ ಬಾಯಿಗೆ ಟೇಪ್ ಹಚ್ಚಿ. ಎಲ್‌ಇಡಿಯ ಕೆಳಗೆ 3 ಮಿಲಿಮೀಟರ್ ಸ್ವಚ್ಛ ಆಕ್ರಿಲಿಕ್ ಹಾಳೆ ಇರಲಿ. ನೂರರಲ್ಲಿ ಎಂಟು ಪಾಲು ಬೆಳಕು ಅದರಲ್ಲಿ ಹೋಗುತ್ತದೆ, ಹೋಗಲಿ.

ತೂಗಿಸುವ ವಯರ್ ರೋಪ್, ಶ್ಯಾಕಲ್ ಎಲ್ಲ ಎಸ್‌ಎಸ್ 316. 304 ಎಂದರೆ ಒಂದು ಮಳೆಗಾಲಕ್ಕೆ ಚುಕ್ಕೆಚುಕ್ಕೆ ತುಕ್ಕು, ಆ ತುಕ್ಕು ಟ್ಯಾಂಕಿಗೇ ಉದುರುತ್ತದೆ. ಮಲ್ಪೆ ಅಥವಾ ಮಂಗಳೂರು ಬಂದರಿನ ದೋಣಿ ಸಾಮಾನಿನ ಅಂಗಡಿಗಳಲ್ಲಿ 316 ಎಂದೇ ಹೇಳಿ ಕೇಳಿ ನೋಡಿ. ಹುಕ್ಕನ್ನು ಪಕ್ಕಾಸಿಗೆ ಹಾಕಿ, ರೀಪಿಗೆ ಬೇಡ. ರೀಪು ಇರುವುದು ಹಂಚು ಹೊರಲಿಕ್ಕೆ. ಎರಡು ಲೈಟಾದರೆ ನಾಲ್ಕು ಹುಕ್, ಪ್ರತಿ ಲೈಟಿಗೂ ಒಂದು ಹೆಚ್ಚುವರಿ ಸೇಫ್ಟಿ ಕೇಬಲ್.

---

ಕುಲಶೇಖರ_ಹಂಚಿನಮನೆ

ಇಷ್ಟು ವಿವರ ಸಿಕ್ಕಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕಟ್ಟುವುದು ಬಿಟ್ಟೆ, 90 ಡಿಗ್ರಿ ಲೆನ್ಸಿನ ಎರಡು ಪೆಟ್ಟಿಗೆ ಎಂದು ತೀರ್ಮಾನ. ಇನ್ನು ಕೆಲವು ಸಂಶಯ.

ಪಾರ್ ಮೀಟರ್ ದುಬಾರಿ. ಮೊಬೈಲಿನ ಲಕ್ಸ್ ಆ್ಯಪಿನಲ್ಲಿ ನೋಡಿ ಲೆಕ್ಕ ಹಾಕಿದರೆ ಆಗುವುದಿಲ್ಲವಾ? ಮಳೆಗಾಲದಲ್ಲಿ ಕರೆಂಟ್ ಆಗಾಗ ಹೋಗುತ್ತದೆ, ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಉಂಟು, ಲೈಟನ್ನೂ ಅದಕ್ಕೆ ಕೊಡಬಹುದಾ? ಟ್ಯಾಂಕಿನ ಮೇಲುಗಡೆ ಮಾಡಿನಲ್ಲಿ ಎರಡು ಗಾಜಿನ ಹಂಚು ಉಂಟು, 11ರಿಂದ 12:30ರ ತನಕ ಬಿಸಿಲಿನ ಕೋಲು ನೇರ ನೀರಿಗೆ ಬೀಳುತ್ತದೆ. ಒಳ್ಳೆಯದಾ ಕೆಟ್ಟದ್ದಾ? ಇನ್ನೊಂದು, ನೇತ್ರಾಣಿ ದ್ವೀಪದ ಕಡೆಯಿಂದ ತಂದ ಹವಳದ ಕಲ್ಲು ಕಡಿಮೆಗೆ ಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ.

---

ಮಲ್ಪೆ_ನೀಲಿಬೆಳಕು

ಲಕ್ಸ್ ಎಂದರೆ ಮನುಷ್ಯನ ಕಣ್ಣಿಗೆ ಎಷ್ಟು ಬೆಳಕು ಕಾಣುತ್ತದೆ ಎಂಬ ಅಳತೆ. ನಮ್ಮ ಕಣ್ಣು 555 ನ್ಯಾನೊಮೀಟರಿನ ಹಸಿರಿಗೆ ಅತಿ ಚುರುಕು. 450ರ ನೀಲಿಗೆ ಅದರ ನೂರರಲ್ಲಿ ನಾಲ್ಕು ಪಾಲೂ ಇಲ್ಲ. ನಿಮ್ಮ ಲೈಟಿನ ಮುಕ್ಕಾಲು ಪಾಲು ಅದೇ ನೀಲಿ. ಹಾಗಾಗಿ ಲಕ್ಸ್ ಮೀಟರ್ ಕಡಿಮೆ ತೋರಿಸುತ್ತದೆ, ನೀವು ಸಾಲದೆಂದು ಏರಿಸುತ್ತೀರಿ, ಹವಳ ಬಿಳಚುತ್ತದೆ. ಬಿಸಿಲಿಗೆ 54 ಲಕ್ಸಿಗೆ 1 ಪಾರ್ ಎಂಬ ಲೆಕ್ಕ ಓಡಾಡುತ್ತಿದೆ, ಅದು ಬಿಸಿಲಿಗೆ ಮಾತ್ರ. ನೀಲಿ ಎಲ್‌ಇಡಿಗೆ ಹಾಕಲಿಕ್ಕೆ ಬರುವುದಿಲ್ಲ.

ಲಕ್ಸ್ ಆ್ಯಪ್ ಒಂದು ಕೆಲಸಕ್ಕೆ ಆಗುತ್ತದೆ, ಹೋಲಿಕೆಗೆ. ಅದೇ ಲೈಟು, ಅದೇ ಸೆಟ್ಟಿಂಗ್, ಖಾಲಿ ಜಾಗದಲ್ಲಿ ಅದೇ ದೂರ. ಎರಡು ಲೈಟು ಒಂದೇ ಸಮ ಇವೆಯಾ, ಆರು ತಿಂಗಳಿಗೆ ಎಷ್ಟು ಇಳಿದಿದೆ ಎಂಬುದು ತಿಳಿಯುತ್ತದೆ.

ಪಾರ್ ಮೀಟರ್ ಕೊಳ್ಳಬೇಡಿ, ಇದ್ದವರಿಂದ ಒಂದು ಸಂಜೆಗೆ ತನ್ನಿ. ಅಪೊಜಿ ಎಂಕ್ಯೂ 510 ನೀರಿನೊಳಗೆ ಅಳೆಯಲೆಂದೇ ಮಾಡಿದ್ದು, ನೀಲಿಯನ್ನೂ ಸರಿಯಾಗಿ ಓದುತ್ತದೆ. ಅದೇ ಕಂಪೆನಿಯ ಹಳೆ ಎಂಕ್ಯೂ 200 ಸಿಕ್ಕಿದರೆ ಅದು ನೀಲಿಯನ್ನು ಕಡಿಮೆ ಓದುತ್ತದೆ ಎಂದು ನೆನಪಿಡಿ. ಅಳೆಯುವ ಕ್ರಮ: ಲೈಟು ಹಾಕಿ ಅರ್ಧ ಗಂಟೆ ಬಿಡಿ, ವೇವ್‌ಮೇಕರ್ (ನೀರಿಗೆ ಅಲೆ ಎಬ್ಬಿಸುವ ಪಂಪ್) ನಿಲ್ಲಿಸಿ. ನೀರು ಅಲುಗಾಡುತ್ತಿದ್ದರೆ ಅಲೆ ಬೆಳಕನ್ನು ಒಂದೆಡೆ ಸೇರಿಸಿ ಚದುರಿಸುವುದರಿಂದ ಅಂಕಿ 80, 190, 110 ಎಂದು ಹಾರುತ್ತಾ ಇರುತ್ತದೆ. ಸೆನ್ಸರನ್ನು ಕೋಲಿಗೆ ಕಟ್ಟಿ ಮುಖ ನೇರ ಮೇಲಕ್ಕೆ ಇರಲಿ, ಸ್ವಲ್ಪ ವಾಲಿದರೂ ಅಂಕಿ ಇಳಿಯುತ್ತದೆ. ಉದ್ದಕ್ಕೆ ಐದು ಕಡೆ, ಅಗಲಕ್ಕೆ ಮೂರು ಕಡೆ, ಮರಳಿನಲ್ಲೊಮ್ಮೆ ನಡುನೀರಿನಲ್ಲೊಮ್ಮೆ ಕಲ್ಲಿನ ನೆತ್ತಿಯಲ್ಲೊಮ್ಮೆ. ಕಾಗದದಲ್ಲಿ ಟ್ಯಾಂಕಿನ ಚಿತ್ರ ಬರೆದು ಅಂಕಿ ತುಂಬಿ, ನೀಲಿ 40% ಮತ್ತು 60%ಗೆ ಬೇರೆ ಬೇರೆ ಹಾಳೆ. ಆಮೇಲೆ ಮೀಟರ್ ವಾಪಸು ಕೊಟ್ಟರೂ ಆ ಎರಡು ಹಾಳೆ ಸಾಕು, ಯಾವ ಹವಳ ಎಲ್ಲಿ ಎಂದು ಅದನ್ನೇ ನೋಡಿ ಇಡಬಹುದು.

ಮೀಟರ್ ಸಿಗದಿದ್ದರೆ ಹವಳವನ್ನೇ ನೋಡಬೇಕು. ಮಶ್ರೂಮ್ ಅಂಚು ಮಡಚಿ ಬಟ್ಟಲಿನ ಹಾಗೆ ಆದರೆ ಬೆಳಕು ಹೆಚ್ಚು. ಚಪ್ಪಟೆಯಾಗಿ ಅತಿ ಅಗಲಕ್ಕೆ ಹರಡಿದರೆ ಕಡಿಮೆ. ಝೋವಾದ ಕಾಂಡ ಉದ್ದವಾದರೆ ಕಡಿಮೆ, ಕಾಂಡ ಗಿಡ್ಡವಾಗಿ ಬಣ್ಣ ಮಾಸಿದರೆ ಹೆಚ್ಚು. ಟೋಡ್‌ಸ್ಟೂಲ್ ಕೆಲವು ದಿನ ಪೂರ್ತಿ ಮುಚ್ಚಿಕೊಂಡು ಮೈಮೇಲೆ ಮೇಣದಂಥ ಪೊರೆ ಬಂದರೆ ಲೈಟು ಮುಟ್ಟಬೇಡಿ. ಪೊರೆ ಕಳಚುವುದು ಅದರ ಸಹಜ ಕ್ರಮ, ನೀರಿನ ಹರಿವು ಆ ಕಡೆಗೆ ತಿರುಗಿಸಿದರೆ ಬೇಗ ಕಳಚುತ್ತದೆ. ಯಾವುದೇ ಬದಲಾವಣೆ ಮಾಡಿದ ಮೇಲೆ ಎರಡು ವಾರ ಕೈಕಟ್ಟಿ ನೋಡಿ.

ಗಾಜಿನ ಹಂಚು: ಬಿಸಿಲಿನ ಕೋಲು ಹವಳಕ್ಕೆ ನೇರ ಬಿದ್ದರೆ ನೀವು 100 ಪಾರ್‌ಗೆ ಒಗ್ಗಿಸಿದ ಜಾಗಕ್ಕೆ ಒಂದು ಗಂಟೆ ಅದರ ಹತ್ತು ಪಟ್ಟು ಬರಬಹುದು. ಋತು ಬದಲಾದಂತೆ ಕೋಲು ಸರಿಯುತ್ತದೆ, ಮಳೆಗಾಲದಲ್ಲಿ ಇಲ್ಲವಾಗುತ್ತದೆ, ಅಕ್ಟೋಬರಿನಲ್ಲಿ ಒಮ್ಮೆಲೇ ಮರಳುತ್ತದೆ. ಆ ಒಮ್ಮೆಲೇ ಎಂಬುದೇ ಅಪಾಯ. ಆ ಎರಡು ಗಾಜು ತೆಗೆದು ಮಣ್ಣಿನ ಹಂಚು ಹಾಕಿ, ಇಲ್ಲವೇ ಟ್ಯಾಂಕನ್ನೇ ಸರಿಸಿ. 190 ಲೀಟರ್ ನೀರು ತುಂಬಿದ ಮೇಲೆ ಸರಿಸುವುದಕ್ಕಿಂತ ಹಂಚು ಬದಲಿಸುವುದೇ ಸುಲಭ.

---

ಮಣಿಪಾಲ_ವಯರಿಂಗ್

ಇನ್ವರ್ಟರಿಗೆ ಲೈಟು ಬೇಡ. ಲೆಕ್ಕ ನೋಡಿ: 12 ವೋಲ್ಟ್ × 150 ಎಎಚ್ ಎಂದರೆ 1800 ವಾಟ್ ಅವರ್, ಬ್ಯಾಟರಿ ಬಾಳಬೇಕಾದರೆ ಅರ್ಧ ಬಳಸಿ, 900. ಸಂಪಿನಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್ 25 ವಾಟ್, ವೇವ್‌ಮೇಕರ್ 15, ಒಟ್ಟು 40. ಇನ್ವರ್ಟರಿನ ಸೋರಿಕೆ ಕಳೆದರೂ 18 ಗಂಟೆ ನಡೆಯುತ್ತದೆ, ಮನೆಯ ಫ್ಯಾನ್ ಬಲ್ಬ್ ಅದಕ್ಕೇ ಇದ್ದರೆ ಅದಕ್ಕೆ ತಕ್ಕಂತೆ ಕಡಿಮೆ. ಲೈಟಿನ 150 ವಾಟ್ ಸೇರಿಸಿದರೆ ನಾಲ್ಕು ಗಂಟೆಗೆ ಖಾಲಿ. ಬೆಳಕಿಲ್ಲದೆ ಹವಳ ಎರಡು ಮೂರು ದಿನ ಇರುತ್ತದೆ. ಹರಿವು ನಿಂತರೆ ಆಮ್ಲಜನಕ ಇಳಿದು ಮೀನು ಕೆಲವೇ ಗಂಟೆಗಳಲ್ಲಿ ಹೋಗುತ್ತದೆ. ಇನ್ವರ್ಟರ್ ಶುದ್ಧ ಸೈನ್ ವೇವ್ ಉಂಟಾ ನೋಡಿಕೊಳ್ಳಿ, ಸ್ಕ್ವೇರ್ ವೇವಿನಲ್ಲಿ ಎಸಿ ಪಂಪ್ ಗುಂಯ್ ಎನ್ನುತ್ತಾ ಬಿಸಿಯಾಗುತ್ತದೆ. ಹಗಲು ಕರೆಂಟ್ ಹೋದದ್ದನ್ನು ತುಂಬಿಸಲೆಂದು ರಾತ್ರಿ 12ರ ತನಕ ಲೈಟು ಎಳೆಯುವುದೂ ಬೇಡ.

ಟೈಮರ್ ಬಗ್ಗೆ ಒಂದು ಮಾತು. ಪಿನ್ ಒತ್ತುವ ಮೆಕ್ಯಾನಿಕಲ್ ಟೈಮರ್ ಕರೆಂಟ್ ಇದ್ದಾಗ ಮಾತ್ರ ತಿರುಗುತ್ತದೆ. ದಿನಕ್ಕೆ ಅರ್ಧ ಗಂಟೆ ಕರೆಂಟ್ ಹೋದರೆ ವಾರಕ್ಕೆ ಮೂರೂವರೆ ಗಂಟೆ ಹಿಂದೆ ಬೀಳುತ್ತದೆ, 1ಕ್ಕೆ ಹತ್ತಬೇಕಾದ ಲೈಟು ನಾಲ್ಕೂವರೆಗೆ ಹತ್ತುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಎರಡು ತನ್ನಿ, ನೀಲಿಗೊಂದು ಬಿಳಿಗೊಂದು.

ಟ್ಯಾಂಕಿನ ಲೈನಿಗೆ ಪ್ರತ್ಯೇಕ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಮುರಕಲ್ಲಿನ ನೆಲ ಏಪ್ರಿಲ್, ಮೇಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ, ಗುಂಡಿಗೆ ನೀರು ಹಾಕಿಸಿ. ಗುಡುಗು ಶುರುವಾದರೆ ಲೈಟಿನ ಪ್ಲಗ್ ಕಿತ್ತಿಡಿ. ಪ್ರತಿ ವಯರೂ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಿ ಸಾಕೆಟ್ ಸೇರಬೇಕು, ಆಗ ವಯರಿನ ಮೇಲೆ ಇಳಿದ ನೀರು ಜೋತ ಜಾಗದಲ್ಲಿ ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

---

ಸುರತ್ಕಲ್_ರೀಫ್

ನೇತ್ರಾಣಿಯ ಕಲ್ಲು ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳ, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಸತ್ತು ಒಣಗಿದ ತುಂಡು ಕೂಡ ಅದರಡಿ ಬರುತ್ತದೆ. ಕಾನೂನು ಬದಿಗಿಟ್ಟರೂ, ನಮ್ಮ ಜಿಲ್ಲೆಗಳ ಹತ್ತಿರ ಇರುವ ಹವಳದ ಜಾಗ ಅದು, ಒಡೆದ ಕಲ್ಲು ನಮ್ಮ ಆಯುಷ್ಯದಲ್ಲಿ ಮತ್ತೆ ಬೆಳೆಯುವುದಿಲ್ಲ. ಸೆರಾಮಿಕ್ ಕಲ್ಲು ಕೊಳ್ಳಿ, ಬ್ಯಾಕ್ಟೀರಿಯಾ ಅದರಲ್ಲೂ ಚೆನ್ನಾಗಿಯೇ ಕೂರುತ್ತದೆ. ಸಮುದ್ರ ಬೀಸಣಿಗೆಯನ್ನು ಸಾಫ್ಟ್ ಕೋರಲ್ ಎಂದು ಮಾರುವವರಿದ್ದಾರೆ, ಅದನ್ನೂ ತರಬೇಡಿ.

ಇನ್ನು ಬಿಸಿ. ಎಲ್‌ಇಡಿಯ ಶಾಖ ನೀರಿಗೆ ನೇರ ಬೀಳುವುದು ಕಡಿಮೆ, ಆದರೆ ಕೋಣೆಗೆ ಸೇರುತ್ತದೆ. ಏಪ್ರಿಲ್, ಮೇಯಲ್ಲಿ ಕೋಣೆಯೇ 33 ಇರುವಾಗ ನೀರು 30 ದಾಟುತ್ತದೆ. ಬೆಳಕು ಹೆಚ್ಚಾದಾಗ ಹವಳ ಬಿಳಚುವ ಕ್ರಿಯೆಯನ್ನು ಬಿಸಿ ಇನ್ನಷ್ಟು ತೀವ್ರ ಮಾಡುತ್ತದೆ. 26 ಡಿಗ್ರಿಯಲ್ಲಿ ಏನೂ ಮಾಡದ 150 ಪಾರ್ 30 ಡಿಗ್ರಿಯಲ್ಲಿ ಅದೇ ಹವಳವನ್ನು ಕೆಡಿಸಬಲ್ಲದು. ಘಟ್ಟದ ಮೇಲಿನವರು ನೀರಿನ ಮೇಲೆ ಫ್ಯಾನ್ ಊದಿ ಎರಡು ಮೂರು ಡಿಗ್ರಿ ಇಳಿಸುತ್ತಾರೆ. ನಮ್ಮಲ್ಲಿ ಗಾಳಿಯೇ ಒದ್ದೆ, ನೀರು ಆವಿಯಾಗುವುದೇ ಕಡಿಮೆ, ಫ್ಯಾನಿನಿಂದ ಒಂದು ಡಿಗ್ರಿ ಸಿಕ್ಕಿದರೆ ಹೆಚ್ಚು. ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್, ಬೇಕೇ ಬೇಕು. 190 ಲೀಟರಿಗೆ 1/10 ಎಚ್‌ಪಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಇಲ್ಲಿ 1/5 ಹಾಕಿ, ಅದರ ಬಿಸಿಗಾಳಿ ಕ್ಯಾಬಿನೆಟ್ ಒಳಗೆ ಸುತ್ತದ ಹಾಗೆ ಹಿಂಬದಿ ತೆರೆದಿಡಿ. ಚಿಲ್ಲರ್ ಕೆಟ್ಟ ದಿನ, ನೀರು 28.5 ದಾಟಿದ ಕೂಡಲೆ ಬಿಳಿ ಪೂರ್ತಿ ಆಫ್, ನೀಲಿ ಅರ್ಧಕ್ಕೆ. ರಿಪೇರಿ ಆಗಿ ನೀರು ತಣಿದ ಮೇಲೆ ಹಳೆ ಸೆಟ್ಟಿಂಗಿಗೆ ಒಂದೇ ದಿನದಲ್ಲಿ ಹೋಗಬೇಡಿ, ಒಂದು ವಾರ ತೆಗೆದುಕೊಳ್ಳಿ.

---

ಕುಲಶೇಖರ_ಹಂಚಿನಮನೆ

ಕಲ್ಲು ಬೇಡ ಎಂದು ಹೇಳಿಬಿಟ್ಟೆ. ಗಾಜಿನ ಹಂಚನ್ನೂ ಬದಲಿಸುತ್ತೇವೆ. ಕೊನೆಯ ಪ್ರಶ್ನೆ: ಆಕ್ರಿಲಿಕ್ ಹಾಳೆ ಒರೆಸುವುದು ಯಾವುದರಲ್ಲಿ, ಎಷ್ಟು ದಿನಕ್ಕೊಮ್ಮೆ? ಗಾಜು ಒರೆಸುವ ಸ್ಪ್ರೇ ಆಗ್ತದಾ?

---

ಮಣಿಪಾಲ_ವಯರಿಂಗ್

ಸ್ಪ್ರೇ ಬೇಡ, ಸ್ಪಿರಿಟ್ಟೂ ಬೇಡ. ಆಲ್ಕೊಹಾಲ್, ಅಮೋನಿಯ ತಾಗಿದರೆ ಆಕ್ರಿಲಿಕ್ಕಿನ ಒಳಗೆ ಕೂದಲೆಳೆಯಂಥ ಬಿರುಕು ಬಂದು ಹಾಳೆ ಮಂಜಾಗುತ್ತದೆ, ಅಮೋನಿಯದ ಹನಿ ಟ್ಯಾಂಕಿಗೂ ಕೆಟ್ಟದ್ದು. ವಾರಕ್ಕೊಮ್ಮೆ ಲೈಟು ಆಫ್ ಮಾಡಿ, ಪ್ಲಗ್ ಕಿತ್ತು, ಆರ್‌ಒ ನೀರಿನಲ್ಲಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ. ಮೊದಲು ಒದ್ದೆ ಬಟ್ಟೆಯನ್ನು ಒಂದು ನಿಮಿಷ ಹಾಗೇ ಒತ್ತಿ ಹಿಡಿದು ಉಪ್ಪು ಕರಗಿಸಿ, ಆಮೇಲೆ ಒರೆಸಿ. ಒಣ ಉಪ್ಪಿನ ಮೇಲೆ ಉಜ್ಜಿದರೆ ಗೀರು ಬೀಳುತ್ತದೆ. ಬಾವಿನೀರು, ನಳ್ಳಿನೀರು ಒಣಗಿದಾಗ ಕಲೆ ಉಳಿಸುತ್ತವೆ. ತಿಂಗಳಿಗೊಮ್ಮೆ ಫ್ಯಾನಿನ ರೆಕ್ಕೆಗಳನ್ನು ಒಣ ಬ್ರಷ್ಷಿನಿಂದ ಉಜ್ಜಿ. ಬೆರಳಿನಿಂದ ತಿರುಗಿಸಿ ನೋಡಿದಾಗ ಫ್ಯಾನ್ ಸಲೀಸಾಗಿ ತಿರುಗದಿದ್ದರೆ ಅದು ನಿಲ್ಲುವ ತನಕ ಕಾಯದೆ ಬದಲಿಸಿ. ಜೂನಿಗೆ ಮೊದಲೇ ಅದೇ ಅಳತೆಯ ಫ್ಯಾನ್ ಒಂದು ತಂದಿಟ್ಟುಕೊಳ್ಳಿ.